ಗುರುವಾರ ಮಧ್ಯಾಹ್ನ ಶಟರ್ ಎಳೆಸಿದ್ದು ಯಾವ ಆದೇಶ?

ಪ್ರಶ್ನೆ: ತುಮಕೂರಿನಲ್ಲಿ ನಮ್ಮದೊಂದು ಸಣ್ಣ ಬಟ್ಟೆ ಅಂಗಡಿ ಇದೆ. 2021ರ ಏಪ್ರಿಲ್‌ನಲ್ಲಿ ಕೊರೊನಾ ಎರಡನೇ ಅಲೆ ಬಂದಾಗ ಶನಿವಾರ, ಭಾನುವಾರ ಮಾತ್ರ ಬಂದ್ ಅಂತ ಸರ್ಕಾರ ಹೇಳಿತ್ತು. ಅದನ್ನು ನಂಬಿ ಮದುವೆ ಸೀಸನ್‌ಗೆ ಸಾಲ ಮಾಡಿ ಮಾಲು ತರಿಸಿದ್ದೆ. ಗುರುವಾರ ಮಧ್ಯಾಹ್ನ ಪೊಲೀಸರು ಬಂದು ಶಟರ್ ಎಳೆಸಿದರು. ಆದೇಶ ತೋರಿಸಿ ಅಂದರೆ ‘ಮೇಲಿಂದ ಬಂದಿದೆ’ ಅಂದರು. ಎದುರಿನ ಸಲೂನ್ ತೆಗೆದೇ ಇತ್ತು. ಮೂಲೆಯ ಮದ್ಯದಂಗಡಿಯಲ್ಲಿ ಪಾರ್ಸೆಲ್ ಕೊಡುತ್ತಿದ್ದರು. ವಾದ ಮಾಡಿದ್ದಕ್ಕೆ ನನ್ನ ಹೆಸರು, ಸ್ಕೂಟರ್ ನಂಬರ್ ಬರೆದುಕೊಂಡು ಹೋದರು. ಇಷ್ಟು ವರ್ಷ ಆದರೂ ಆ ಸಿಟ್ಟು ಇಳಿದಿಲ್ಲ ಸರ್. ಅವತ್ತು ಆಗಿದ್ದು ಕಾನೂನು ಪ್ರಕಾರ ಸರಿಯಿತ್ತಾ? ನಿಯಮ ಯಾಕೆ ದಿನಕ್ಕೊಂದು ಥರ ಬದಲಾಗುತ್ತಿತ್ತು? ಮತ್ತೆ ಇಂಥದ್ದು ಬಂದರೆ ನಮ್ಮಂಥವರು ಏನು ಕೇಳಬೇಕು? ನನ್ನ ಮೇಲೆ ಕೇಸು ಆಗಿದೆಯೋ ಇಲ್ಲವೋ ತಿಳಿಯೋದು ಹೇಗೆ?

ಉತ್ತರ: ಆ ಗುರುವಾರ, ಅಂದರೆ 2021ರ ಏಪ್ರಿಲ್ 22ರಂದು, ನಾನು ಮೇಜಿನ ಆ ಕಡೆ ಕೂತಿದ್ದೆ. ನಿಮ್ಮ ಜಿಲ್ಲೆಯಲ್ಲಲ್ಲ, ಬೇರೊಂದು ಜಿಲ್ಲೆಯ ಡಿಸಿ ಆಫೀಸಿನಲ್ಲಿ. ನಿಷೇಧಾಜ್ಞೆ, ಲೈಸೆನ್ಸು, ಬಂದೋಬಸ್ತು ಇವನ್ನೆಲ್ಲ ನೋಡುವ ಶಾಖೆ ನನ್ನದು. ಈಗ ನಿವೃತ್ತನಾಗಿದ್ದೇನೆ. ಹಾಗಾಗಿ ಅರ್ಧ ಉತ್ತರವನ್ನು ಕಾನೂನು ಪುಸ್ತಕದಿಂದ ಕೊಡುತ್ತೇನೆ, ಇನ್ನರ್ಧವನ್ನು ಆ ಮೇಜಿನ ನೆನಪಿನಿಂದ.

ಮಂಗಳವಾರ, 20ನೇ ತಾರೀಕು, ಸರ್ಕಾರದ ಆದೇಶ ವಾಟ್ಸ್‌ಆ್ಯಪ್‌ನಲ್ಲಿ ಪಿಡಿಎಫ್ ಆಗಿ ಬಂತು. ಇಂಗ್ಲಿಷ್‌ನಲ್ಲಿ. ಏಪ್ರಿಲ್ 21ರಿಂದ ಮೇ 4ರವರೆಗೆ ರಾತ್ರಿ 9ರಿಂದ ಬೆಳಗ್ಗೆ 6ರ ತನಕ ನೈಟ್ ಕರ್ಫ್ಯೂ. ಶುಕ್ರವಾರ ರಾತ್ರಿ 9ರಿಂದ ಸೋಮವಾರ ಬೆಳಗ್ಗೆ 6ರ ತನಕ, ಅಂದರೆ 57 ಗಂಟೆ, ವೀಕೆಂಡ್ ಕರ್ಫ್ಯೂ. ಟೀವಿಯಲ್ಲಿ ಓಡಿದ್ದು ಇಷ್ಟೇ. ಜನ ಅರ್ಥ ಮಾಡಿಕೊಂಡಿದ್ದೂ ಇಷ್ಟೇ: ಸೋಮವಾರದಿಂದ ಶುಕ್ರವಾರ ಹಗಲು ವ್ಯಾಪಾರ ಮಾಡಬಹುದು. ಆದರೆ ಪಿಡಿಎಫ್ ಒಳಗೆ ಎರಡು ಪಟ್ಟಿ ಇದ್ದವು. ಮುಚ್ಚಬೇಕಾದವುಗಳ ಪಟ್ಟಿಯಲ್ಲಿ ಶಾಲೆ, ಸಿನಿಮಾ, ಮಾಲ್, ಜಿಮ್. ತೆಗೆಯಬಹುದಾದವುಗಳ ಪಟ್ಟಿಯಲ್ಲಿ ದಿನಸಿ, ತರಕಾರಿ, ಹಾಲು, ಮಾಂಸ, ಬ್ಯಾಂಕು, ಸಲೂನ್, ಪಾರ್ಸೆಲ್ ಮಾತ್ರ ಕೊಡುವ ಮದ್ಯದಂಗಡಿ. ಬಟ್ಟೆ, ಚಪ್ಪಲಿ, ಪಾತ್ರೆ ಅಂಗಡಿಗಳು ಏನು ಮಾಡಬೇಕು ಅನ್ನೋದು ಯಾವ ಪಟ್ಟಿಯಲ್ಲೂ ಬಿಡಿಸಿ ಬರೆದಿರಲಿಲ್ಲ.

ಬುಧವಾರ ಬೆಳಗ್ಗೆ ಏಳಕ್ಕೇ ಫೋನು ಶುರು. ‘ಸರ್, ಕನ್ನಡಕದ ಅಂಗಡಿ?’ ‘ಸರ್, ಮಿಕ್ಸಿ ರಿಪೇರಿ?’ ‘ಸರ್, ತಾಳಿ ಮಾಡಿಸೋಕೆ ಕೊಟ್ಟಿದ್ದೀವಿ, ಚಿನ್ನದ ಅಂಗಡಿ ತೆಗಿಸ್ತೀರಾ?’ ನಿಮ್ಮ ಹಾಗೆಯೇ ಬಟ್ಟೆ ವ್ಯಾಪಾರಿ ಒಬ್ಬರು ಕೇಳಿದರು. ನಾನು ಮತ್ತೊಂದು ಸಲ ಪಿಡಿಎಫ್ ತಿರುವಿ ಹಾಕಿ, ‘ಮುಚ್ಚಿ ಅಂತ ಎಲ್ಲೂ ಬರೆದಿಲ್ಲ, ತೆಗೀರಿ’ ಅಂದೆ. ಗುರುವಾರ ಮಧ್ಯಾಹ್ನ ಅದೇ ಆದೇಶವನ್ನು ಇನ್ನೊಂದು ರೀತಿ ಓದುವುದು ಶುರುವಾಯಿತು: ಅನುಮತಿಸಿದ ಪಟ್ಟಿಯಲ್ಲಿ ಇಲ್ಲದ್ದೆಲ್ಲ ಮುಚ್ಚಬೇಕು. ಬೆಂಗಳೂರಿನಲ್ಲಿ, ಬೇರೆ ಊರುಗಳಲ್ಲಿ ಪೊಲೀಸರು ಬೀದಿಗಿಳಿದು ಅಂಗಡಿ ಮುಚ್ಚಿಸಿದರು. ಸಂಜೆ ಅದೇ ವ್ಯಾಪಾರಿಯ ಫೋನ್ ಬಂತು. ಬೈಯಲಿಲ್ಲ. ‘ನೀವೇ ಅಲ್ವಾ ಸರ್ ತೆಗೀರಿ ಅಂದಿದ್ದು?’ ಅಂತ ಕೇಳಿ ಇಟ್ಟರು. ಬೈದಿದ್ದರೆ ಇಷ್ಟು ನೆನಪಿರುತ್ತಿರಲಿಲ್ಲ.

ಈಗ ನಿಮ್ಮ ಮೊದಲ ಪ್ರಶ್ನೆ. ಅಂಗಡಿ ಮುಚ್ಚಿಸುವ ಅಧಿಕಾರ ಸರ್ಕಾರಕ್ಕಿತ್ತಾ? ಇತ್ತು. 2005ರ ವಿಪತ್ತು ನಿರ್ವಹಣಾ ಕಾಯ್ದೆಯಲ್ಲಿ ಕೇಂದ್ರಕ್ಕೆ, ರಾಜ್ಯಕ್ಕೆ, ಜಿಲ್ಲೆಗೆ ಮೂರೂ ಹಂತದಲ್ಲಿ ಅಧಿಕಾರ ಇದೆ. ಅದರ ಜೊತೆಗೆ 2020ರ ಕರ್ನಾಟಕ ಸಾಂಕ್ರಾಮಿಕ ರೋಗಗಳ ಕಾಯ್ದೆ. ಬಾಂಬೆಯಲ್ಲಿ ಪ್ಲೇಗ್ ಹರಡಿದಾಗ ಬ್ರಿಟಿಷರು ಮಾಡಿದ, ಎರಡೇ ಪುಟದಷ್ಟಿದ್ದ 1897ರ ಕಾಯ್ದೆಯ ಜಾಗಕ್ಕೆ ರಾಜ್ಯ ತಂದದ್ದು ಅದು. ಡಿಸಿಯವರ ಕೈಯಲ್ಲಿ ಸೆಕ್ಷನ್ 144 ಬೇರೆ ಇತ್ತು. ಅಧಿಕಾರಕ್ಕೇನೂ ಕೊರತೆ ಇರಲಿಲ್ಲ.

ಆದರೆ ‘ಮೇಲಿಂದ ಬಂದಿದೆ’ ಅನ್ನೋದು ಆದೇಶವಲ್ಲ. ಆದೇಶ ಅಂದರೆ ಅದಕ್ಕೊಂದು ನಂಬರ್ ಇರಬೇಕು, ತಾರೀಕು ಇರಬೇಕು, ಯಾವ ಕಾಯ್ದೆಯ ಯಾವ ಸೆಕ್ಷನ್ ಅಡಿ ಅಂತ ಇರಬೇಕು, ಸಹಿ ಇರಬೇಕು. ಜನರಿಗೆ ಸಿಗುವಂತೆ ಅದನ್ನು ಪ್ರಕಟಿಸಿರಬೇಕು. ಕೊರೊನಾ ಬರುವ ಎರಡು ತಿಂಗಳ ಮುಂಚೆ, 2020ರ ಜನವರಿ 10ರಂದು, ಕಾಶ್ಮೀರದ ಇಂಟರ್ನೆಟ್ ಬಂದ್ ಬಗೆಗಿನ ಅನುರಾಧಾ ಭಾಸಿನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿತ್ತು. 144ರಂಥ ಆದೇಶಗಳನ್ನು ಪ್ರಕಟಿಸಬೇಕು, ಕಾರಣ ಬರೆದಿರಬೇಕು, ತೊಂದರೆಯಾದವನು ಕೋರ್ಟಿಗೆ ಹೋಗಲು ಆಗುವಂತಿರಬೇಕು ಅಂತ. ನಿಮ್ಮ ವಿಷಯದಲ್ಲಿ, ಮಂಗಳವಾರದ ಆದೇಶವನ್ನು ಎರಡು ರೀತಿ ಓದಬಹುದಿತ್ತು. ಎರಡನೇ ಓದೇ ಸರಿ ಅನ್ನೋದಾದರೆ ಅದನ್ನು ಮೊದಲು ಬರೆದು, ಹೇಳಿ, ಒಂದು ದಿನ ಸಮಯ ಕೊಟ್ಟು ಆಮೇಲೆ ಜಾರಿ ಮಾಡಬೇಕಿತ್ತು. ಶಟರ್ ಮೊದಲು ಬಿತ್ತು, ವಿವರಣೆ ಹಿಂದಿನಿಂದ ಬಂತು. ನನ್ನ ಅಭಿಪ್ರಾಯ ಕೇಳಿದರೆ, ಅಧಿಕಾರ ಇತ್ತು, ಬಳಸಿದ ರೀತಿ ತಪ್ಪು.

ನಿಯಮ ಯಾಕೆ ಹಾಗೆ ಒದ್ದಾಡುತ್ತಿತ್ತು ಅನ್ನುವುದಕ್ಕೆ ಬರುತ್ತೇನೆ. ಇದಕ್ಕೆ ಜನ ಸಾಮಾನ್ಯವಾಗಿ ಕೊಡುವ ಉತ್ತರ ‘ಅಧಿಕಾರಿಗಳಿಗೆ ತಲೆ ಇರಲಿಲ್ಲ’ ಅನ್ನೋದು. ಸ್ವಲ್ಪ ನಿಜ ಇರಬಹುದು. ಆದರೆ ದೊಡ್ಡ ತೊಂದರೆ ಇದ್ದದ್ದು ಆದೇಶ ಬರೆಯುವ ಕ್ರಮದಲ್ಲೇ.

ಮಾಮೂಲಿ ಕಾಲದಲ್ಲಿ ಕಾನೂನು ಹೇಗಿರುತ್ತೆ? ಎಲ್ಲ ಮಾಡಬಹುದು, ಇದೊಂದು ಮಾಡಬೇಡಿ ಅನ್ನುತ್ತೆ. ಲಾಕ್‌ಡೌನ್ ಅದನ್ನು ತಲೆಕೆಳಗು ಮಾಡಿತು. ಏನೂ ಮಾಡಬೇಡಿ, ಇಷ್ಟು ಬಿಟ್ಟು. 2020ರ ಮಾರ್ಚ್ 24ರ ರಾತ್ರಿ ಎಂಟಕ್ಕೆ ಪ್ರಧಾನಿ ಹೇಳಿದರು, ಮಧ್ಯರಾತ್ರಿಯಿಂದ ಜಾರಿ. ಮರುದಿನ ಯುಗಾದಿ. ಆ ಗಳಿಗೆಯಿಂದ 130 ಕೋಟಿ ಜನ ದಿನವಿಡೀ ಮಾಡುವ ಎಲ್ಲ ಕೆಲಸವನ್ನೂ ಯಾರೋ ಕೂತು ಪಟ್ಟಿ ಮಾಡಬೇಕಾಯಿತು. ಆಗುವ ಮಾತಾ ಅದು? ಒಂದು ಮರೆತರೆ ಅದು ಅಪರಾಧ. ದಿಲ್ಲಿಯ ಗೃಹ ಇಲಾಖೆಗೆ ಫ್ಯಾನ್ ಅಂಗಡಿ ನೆನಪಾಗಿದ್ದು ಏಪ್ರಿಲ್ 21ಕ್ಕೆ, ಬಿಸಿಲು ನೆತ್ತಿಗೇರಿದ ಮೇಲೆ. ಅದೇ ಪತ್ರದಲ್ಲಿ ಮಕ್ಕಳ ಪಠ್ಯಪುಸ್ತಕದ ಅಂಗಡಿ, ಮೊಬೈಲ್ ರೀಚಾರ್ಜ್, ಬ್ರೆಡ್ ಫ್ಯಾಕ್ಟರಿ, ಹಿಟ್ಟಿನ ಗಿರಣಿ ಕೂಡ ಸೇರಿದವು. ಅಂದರೆ ಅಲ್ಲಿಯವರೆಗೆ ಅಕ್ಕಿ ಗೋಧಿ ಮಾರಬಹುದು, ಪಟ್ಟಣದ ಗಿರಣಿಯಲ್ಲಿ ಬೀಸಬಹುದಾ ಅನ್ನೋದು ಅನುಮಾನ!

ನಿಮ್ಮ ಎದುರಿನ ಸಲೂನ್ ಕಥೆ ಇನ್ನೂ ಚೆನ್ನಾಗಿದೆ. 2020ರ ಏಪ್ರಿಲ್ 24ರ ರಾತ್ರಿ ಕೇಂದ್ರ ಇನ್ನೊಂದು ಆದೇಶ ಹೊರಡಿಸಿ, ಅಂಗಡಿಗಳ ಕಾಯ್ದೆಯಡಿ ನೋಂದಾಯಿಸಿದ ಸಣ್ಣಪುಟ್ಟ ಅಂಗಡಿ ತೆಗೆಯಬಹುದು ಅಂದಿತು. ಸಲೂನ್‌ನವರು ಖುಷಿಯಾಗಿ ಕತ್ತರಿ ತೊಳೆದಿಟ್ಟರು. ಮರುದಿನ ಸ್ಪಷ್ಟೀಕರಣ ಬಂತು: ಸಲೂನ್ ಸಾಮಾನು ಮಾರುವುದಿಲ್ಲ, ಸೇವೆ ಕೊಡುತ್ತದೆ, ಆದ್ದರಿಂದ ಅದು ಈ ಆದೇಶದ ಅರ್ಥದಲ್ಲಿ ಅಂಗಡಿ ಅಲ್ಲ. ಒಂದೇ ವರ್ಷ ಕಳೆದು 2021ರ ಏಪ್ರಿಲ್‌ಗೆ ಬಂದರೆ ಸಲೂನ್ ಅನುಮತಿ ಪಟ್ಟಿಯಲ್ಲಿದೆ, ಬಟ್ಟೆ ಅಂಗಡಿ ಇಲ್ಲ. ಮುಖಕ್ಕೆ ಮುಖ ಕೊಟ್ಟು ಮಾಡುವ ಕೆಲಸ ಕ್ಷೌರ. ರೋಗದ ಲೆಕ್ಕದಲ್ಲಿ ನೋಡಿದರೆ ನಿಮ್ಮ ಅಂಗಡಿಗಿಂತ ಅಲ್ಲೇ ಅಪಾಯ ಜಾಸ್ತಿ. ದಿನದ ದುಡಿಮೆಯ ಮೇಲೆ ಬದುಕುವವರು ಅನ್ನುವ ಕಾರಣಕ್ಕೆ ಬಿಟ್ಟಿದ್ದರೆ ಅದು ಒಪ್ಪುವ ಕಾರಣವೇ. ಆದರೆ ಆ ಕಾರಣ ಆದೇಶದಲ್ಲಿ ಬರೆದಿರಲಿಲ್ಲ. ಬರೆದಿದ್ದರೆ ನೀವು ಇವತ್ತಿಗೂ ಆ ಸಲೂನ್ ಕಡೆ ಹೀಗೆ ನೋಡುತ್ತಿರಲಿಲ್ಲ ಅಂತ ನನ್ನ ಲೆಕ್ಕ.

ಎರಡನೇ ತೊಂದರೆ, ಆದೇಶ ಇಳಿದು ಬರುವ ದಾರಿ. ದಿಲ್ಲಿಯಲ್ಲಿ ಗೃಹ ಇಲಾಖೆ ಬರೆಯುತ್ತೆ. ವಿಧಾನಸೌಧದಲ್ಲಿ ಅದಕ್ಕೊಂದಿಷ್ಟು ಸೇರುತ್ತೆ. ಡಿಸಿ ಆಫೀಸಿನಲ್ಲಿ ನಾವು ‘ಉಲ್ಲೇಖ’ ಅಂತ ಎಂಟು ಹತ್ತು ಹಳೆ ಆದೇಶಗಳ ನಂಬರ್ ಹಾಕಿ, ಜಿಲ್ಲೆಗೆ ತಕ್ಕಂತೆ ಇನ್ನೊಂದಿಷ್ಟು ಬಿಗಿ ಮಾಡುತ್ತಿದ್ದೆವು. ಕೆಲವು ಸಲ ಉಲ್ಲೇಖವೇ ಒಂದು ಪುಟ, ವಿಷಯ ಅರ್ಧ ಪುಟ. ಕೊನೆಗೆ ಅದನ್ನು ಓದಿ ಜಾರಿ ಮಾಡಬೇಕಾದವನು ಯಾರು? ಸರ್ಕಲ್‌ನಲ್ಲಿ ಬ್ಯಾರಿಕೇಡ್ ಹತ್ತಿರ ಹದಿನಾಲ್ಕು ಗಂಟೆ ನಿಂತ ಕಾನ್‌ಸ್ಟೇಬಲ್. ಅವನ ಹತ್ತಿರ ಪಿಡಿಎಫ್ ಇಲ್ಲ. ಇದ್ದದ್ದು ವಾಕಿಟಾಕಿಯಲ್ಲಿ ಕೇಳಿದ ಒಂದು ವಾಕ್ಯ: ‘ಅನಗತ್ಯ ಓಡಾಟ ಬಿಡಬೇಡಿ.’ ಯಾವುದು ಅಗತ್ಯ ಅನ್ನೋದನ್ನು ತೀರ್ಮಾನ ಮಾಡುವ ಜಡ್ಜ್ ಅವನೇ ಆಗಿಬಿಟ್ಟ. ಒಬ್ಬ ಕಾನ್‌ಸ್ಟೇಬಲ್‌ಗೆ ಅಮ್ಮನ ಬಿಪಿ ಮಾತ್ರೆ ಅಗತ್ಯ, ಪಕ್ಕದ ಸರ್ಕಲ್‌ನವನಿಗೆ ಅದು ನೆಪ.

ಇದರ ಪರಮಾವಧಿ ನೋಡಿದ್ದು 2021ರ ಮೇ 10ರಂದು. ಅವತ್ತಿನಿಂದ ಪೂರ್ತಿ ಲಾಕ್‌ಡೌನ್. ಬೆಳಗ್ಗೆ 6ರಿಂದ 10 ದಿನಸಿ ತರಕಾರಿ ತರಬಹುದು, ಆದರೆ ಗಾಡಿ ತೆಗೆಯುವಂತಿಲ್ಲ, ನಡೆದು ಹೋಗಬೇಕು ಅನ್ನೋದು ನಿಯಮ. ಬೆಂಗಳೂರಿನ ದೊಡ್ಡ ಬಡಾವಣೆಯ ಮನೆಯಲ್ಲಿ ಕೂತು ಯೋಚಿಸಿದರೆ ಇದು ಸರಿ ಕಾಣುತ್ತೆ, ಕೆಳಗಿಳಿದರೆ ಅಂಗಡಿ ಇರುತ್ತೆ. ಹಳ್ಳಿಯವನಿಗೆ ರೇಷನ್ ಅಂಗಡಿ ಮೂರು ಕಿಲೋಮೀಟರ್. 25 ಕೆಜಿ ಅಕ್ಕಿ ಮೂಟೆ ಹೊತ್ತು ನಡೆಯಬೇಕಾ? ಬೆಳಗ್ಗೆ ಲಾಠಿ ಬೀಸಿದ, ಗಾಡಿ ಎತ್ತಿಕೊಂಡು ಹೋದ ವಿಡಿಯೋಗಳು ಎಲ್ಲ ಕಡೆ ಓಡಾಡಿದವು. ಆಮೇಲೆ ಪೊಲೀಸ್ ಇಲಾಖೆಯಿಂದಲೇ ಹತ್ತಿರದ ಅಂಗಡಿಗೆ ಗಾಡಿಯಲ್ಲಿ ಹೋಗಬಹುದು ಅನ್ನುವ ಸ್ಪಷ್ಟನೆ ಬಂತು. ಬೆಳಗ್ಗೆ ಏಟು ತಿಂದವನಿಗೆ ಆ ಸ್ಪಷ್ಟನೆಯಿಂದ ಏನು ಪ್ರಯೋಜನ? ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ಕರ್ಫ್ಯೂ ಮುರಿದ ಒಬ್ಬಂಟಿ ಮನುಷ್ಯನಿಗೆ ರಸ್ತೆಯಲ್ಲಿ ಲಾಠಿಯಿಂದ ಹೊಡೆಯಲು, ಬಸ್ಕಿ ಹೊಡೆಸಲು ಯಾವ ಕಾಯ್ದೆಯಲ್ಲೂ ಅವಕಾಶ ಇಲ್ಲ. ಕೇಸು ಹಾಕಬಹುದು, ಅಷ್ಟೇ.

‘ಕೊರೊನಾ ರಾತ್ರಿ ಹೊತ್ತು ಮಾತ್ರ ಓಡಾಡುತ್ತಾ?’ ಅಂತ ಆಗ ಎಲ್ಲರೂ ಕೇಳುತ್ತಿದ್ದರಲ್ಲ, ಅದಕ್ಕೂ ಒಂದು ಆಡಳಿತದ ಉತ್ತರ ಇದೆ. ಕೇಂದ್ರವು 2020ರ ಆಗಸ್ಟ್ 29ರ ಆದೇಶದಲ್ಲಿ, ಕಂಟೈನ್‌ಮೆಂಟ್ ವಲಯದ ಹೊರಗೆ ರಾಜ್ಯಗಳು ತಮ್ಮನ್ನು ಕೇಳದೆ ಲಾಕ್‌ಡೌನ್ ಮಾಡುವಂತಿಲ್ಲ ಅಂದಿತ್ತು. ನವೆಂಬರ್‌ನಲ್ಲಿ, ನೈಟ್ ಕರ್ಫ್ಯೂ ಥರದ ಸ್ಥಳೀಯ ನಿರ್ಬಂಧ ಹಾಕಬಹುದು ಅಂತ ಸಡಿಲಿಸಿತು. ಅಂದರೆ ಯಾರನ್ನೂ ಕೇಳದೆ ರಾಜ್ಯಕ್ಕೆ ಕೈಗೆ ಸಿಗುತ್ತಿದ್ದ ಸಾಧನ ಇದೇ. ಏನೂ ಮಾಡಲಿಲ್ಲ ಅನ್ನಿಸಿಕೊಳ್ಳಬಾರದು, ವ್ಯಾಪಾರವೂ ನಿಲ್ಲಬಾರದು. ರಾತ್ರಿ ಪಬ್ಬು, ಪಾರ್ಟಿ, ಹೊಸ ವರ್ಷದ ಗುಂಪು ತಡೆಯೋಕೆ ಇದರಿಂದ ಸ್ವಲ್ಪ ಉಪಯೋಗ ಇತ್ತು, ಇಲ್ಲ ಅನ್ನಲ್ಲ. ಆದರೆ ಆ ಮಾತನ್ನು ನೇರವಾಗಿ ಹೇಳದೆ ‘ವೈರಸ್ ತಡೆಗೆ ನೈಟ್ ಕರ್ಫ್ಯೂ’ ಅಂದಾಗ ಜನ ನಗದೆ ಇನ್ನೇನು ಮಾಡಿಯಾರು?

ಪದಗಳ ಆಟವೂ ಇಲ್ಲಿಂದಲೇ ಬಂತು. 2021ರ ಏಪ್ರಿಲ್ 20ರ ರಾತ್ರಿಯೇ ಪ್ರಧಾನಿ ಟೀವಿಯಲ್ಲಿ, ಲಾಕ್‌ಡೌನ್ ಕೊನೆಯ ಅಸ್ತ್ರವಾಗಲಿ ಅಂತ ರಾಜ್ಯಗಳಿಗೆ ಹೇಳಿದ್ದರು. ಅದೇ ದಿನ ನಮ್ಮ ಆದೇಶ. ಹೆಸರು ಲಾಕ್‌ಡೌನ್ ಅಲ್ಲ. ಒಂದು ವಾರದಲ್ಲಿ, 27ರ ರಾತ್ರಿ 9ರಿಂದ, ಹದಿನಾಲ್ಕು ದಿನ ಎಲ್ಲ ಮುಚ್ಚಿತು. ಆಗಲೂ ಅದು ‘ಜನತಾ ಕರ್ಫ್ಯೂ’, ‘ಕ್ಲೋಸ್ ಡೌನ್’. ಹೆಸರು ಹೇಳಲು ಹಿಂಜರಿದರೆ ನಿಯಮವೂ ಮಸುಕಾಗುತ್ತೆ. ನಿಮ್ಮ ಗುರುವಾರ ಬಿದ್ದದ್ದು ಈ ಮಸುಕಿನಲ್ಲೇ ಅನ್ನೋದು ನನ್ನ ಅನಿಸಿಕೆ.

ಇಷ್ಟನ್ನೂ ಜನ ಸಹಿಸುತ್ತಿದ್ದರೇನೋ. ಹೊಸ ರೋಗ, ಯಾರಿಗೂ ಪೂರ್ತಿ ಗೊತ್ತಿಲ್ಲ, ಇವತ್ತಿನ ನಿಯಮ ನಾಳೆ ಬದಲಾದರೆ ಅದು ಕಲಿಯುವ ಲಕ್ಷಣ. ಬೆಡ್ ಇಲ್ಲ, ಆಕ್ಸಿಜನ್ ಇಲ್ಲ ಅನ್ನುವ ಹೊತ್ತಿನಲ್ಲಿ ಬಿಗಿ ಮಾಡಿದ್ದನ್ನು ನಾನು ಇವತ್ತಿಗೂ ತಪ್ಪು ಅನ್ನುವುದಿಲ್ಲ. ಸಿಟ್ಟು ಬಂದದ್ದು ಬದಲಾವಣೆಗಲ್ಲ. ಯಾರ ಮಾತಿಗೆ ಬದಲಾಗುತ್ತೆ ಅನ್ನೋದು ಎಲ್ಲರಿಗೂ ಕಾಣುತ್ತಿತ್ತಲ್ಲ, ಅದಕ್ಕೆ.

2021ರ ಏಪ್ರಿಲ್ 2 ನೆನಪಿದೆಯಾ? ಪುನೀತ್ ರಾಜ್‌ಕುಮಾರ್ ಅವರ ಹೊಸ ಚಿತ್ರ ತೆರೆಗೆ ಬಂದು ಒಂದೇ ದಿನ. ಬೆಂಗಳೂರು ಮತ್ತಿತರ ಕೆಲವು ಜಿಲ್ಲೆಗಳ ಥಿಯೇಟರ್‌ನಲ್ಲಿ ಅರ್ಧ ಸೀಟು ಮಾತ್ರ, ಜಿಮ್ ಬಂದ್ ಅಂತ ಆದೇಶ ಬಂತು. ಚಿತ್ರತಂಡ ಮುಖ್ಯಮಂತ್ರಿಯನ್ನು ಕಂಡಿತು. ಏಪ್ರಿಲ್ 7ರವರೆಗೆ ಪೂರ್ತಿ ಸೀಟು ಅಂತ ಆಯಿತು. ಜಿಮ್‌ನವರು ಗಲಾಟೆ ಮಾಡಿದರು, ಅರ್ಧ ಜನಕ್ಕೆ ತೆರೆಯಿತು. ಚಿತ್ರತಂಡದವರು ಕೇಳಿದ್ದರಲ್ಲಿ ತಪ್ಪೇನಿಲ್ಲ. ಹಿಂದಿನ ದಿನ ಬಿಡುಗಡೆಯಾದ ಚಿತ್ರಕ್ಕೆ ಮರುದಿನ ಅರ್ಧ ಸೀಟು ಅಂದರೆ ಅನ್ಯಾಯವೇ. ಆದರೆ ನೀವು ಯಾರನ್ನು ಕಾಣಬೇಕಿತ್ತು? ನಿಮ್ಮೂರ ಬಟ್ಟೆ ವ್ಯಾಪಾರಿಗಳಿಗೆ ಮುಖ್ಯಮಂತ್ರಿಯ ಮನೆ ಬಾಗಿಲು ಎಲ್ಲಿದೆ ಅಂತ ಗೊತ್ತಿತ್ತಾ?

ಹಾಗೆಯೇ 2020ರ ಡಿಸೆಂಬರ್. 23ರಂದು ಬೆಳಗ್ಗೆ, ಇವತ್ತು ರಾತ್ರಿ 10ರಿಂದಲೇ ನೈಟ್ ಕರ್ಫ್ಯೂ ಅಂದರು. ಸಂಜೆಗೆ ಅದು ನಾಳೆ ರಾತ್ರಿ 11ರಿಂದ ಅಂತ ಆಯಿತು. 24ರಂದು ಜಾರಿಗೆ ಇನ್ನು ಕೆಲವೇ ಗಂಟೆ ಇರುವಾಗ ಪೂರ್ತಿ ವಾಪಸ್. ಹುಟ್ಟುವ ಮುಂಚೆಯೇ ತೀರಿಕೊಂಡ ಕರ್ಫ್ಯೂ ಅದು. ಅದೇ ವರ್ಷ ಮಾಸ್ಕ್ ದಂಡವೂ ಹೀಗೇ. ಸೆಪ್ಟೆಂಬರ್ ಕೊನೆಗೆ ಪಟ್ಟಣದಲ್ಲಿ 200 ಇದ್ದದ್ದು 1000 ರೂಪಾಯಿ ಆಯಿತು. ವಾರ ಕಳೆಯುವುದರೊಳಗೆ 250ಕ್ಕೆ ಇಳಿಯಿತು. ಆ ವಾರದಲ್ಲಿ ಸಾವಿರ ಕಟ್ಟಿದವರು ಮೂರ್ಖರಾದರು.

ಮದ್ಯದ ಲೆಕ್ಕ ಬೇರೆ. ಅಲ್ಲಿ ಯಾರ ಒತ್ತಡಕ್ಕಿಂತ ಖಜಾನೆಯ ಒತ್ತಡ ಜಾಸ್ತಿ. ಜಿಎಸ್‌ಟಿ ಬಂದ ಮೇಲೆ ರಾಜ್ಯದ ಸ್ವಂತ ಕೈಯಲ್ಲಿ ಉಳಿದ ದೊಡ್ಡ ಆದಾಯ ಅಂದರೆ ಅಬಕಾರಿ, ಪೆಟ್ರೋಲ್ ಡೀಸೆಲ್ ತೆರಿಗೆ, ನೋಂದಣಿ ಶುಲ್ಕ, ಇಂಥ ನಾಲ್ಕಾರು. 2020-21ಕ್ಕೆ ಅಬಕಾರಿ ಗುರಿ 22,700 ಕೋಟಿ. 2020ರ ಮೇ 4ರಂದು ಅಂಗಡಿ ತೆರೆದಾಗ ಮೊದಲ ದಿನ 45 ಕೋಟಿ, ಎರಡನೇ ದಿನ 197 ಕೋಟಿ ರೂಪಾಯಿ ವ್ಯಾಪಾರ ಆಯಿತು ಅಂತ ಇಲಾಖೆಯೇ ಹೇಳಿತ್ತು. ಸಂಬಳ ಕೊಡೋಕೆ ದುಡ್ಡು ಬೇಕು ಸ್ವಾಮಿ ಅಂತ ಬಾಯಿಬಿಟ್ಟು ಹೇಳಿದ್ದರೆ ಜನ ಗೊಣಗಿ ಸುಮ್ನಾಗುತ್ತಿದ್ದರು. ಮೂಲೆ ಅಂಗಡಿಯಲ್ಲಿ ಪಾರ್ಸೆಲ್ ಸಿಗುತ್ತಿದ್ದ ಕಾರಣ ಇದು.

ಆದರೆ ನನಗೆ ಇವತ್ತಿಗೂ ಜೀರ್ಣವಾಗದ್ದು ಕೂಲಿಯವರ ವಿಷಯ. ಅದೇ ಮೇ ತಿಂಗಳ ಮೊದಲ ದಿನಗಳಲ್ಲಿ ಬೆಂಗಳೂರಿನಿಂದ ಊರಿಗೆ ಹೊರಟ ಕಟ್ಟಡ ಕಾರ್ಮಿಕರಿಗೆ ಬಸ್‌ನಲ್ಲಿ ಮೊದಲು ಹೋಗಿಬರುವ ಎರಡೂ ಕಡೆಯ ಚಾರ್ಜು. ಗಲಾಟೆ ಆದ ಮೇಲೆ ಒಂದು ಕಡೆಯದ್ದು. ಆಮೇಲೆ ಉಚಿತ. ಕೆಲವೇ ದಿನಗಳಲ್ಲಿ ಮೂರು ದರ. ಮೊದಲು ಹೋದವನು ಜಾಸ್ತಿ ಬಡವನಾಗಿ ಹೋದ. ಬೇರೆ ರಾಜ್ಯದವರಿಗೆ ರೈಲು ಶುರುವಾಗಿತ್ತು. ಮೇ 5ರಂದು ಮುಖ್ಯಮಂತ್ರಿ ಕಟ್ಟಡ ನಿರ್ಮಾಣದವರ ಜೊತೆ ಸಭೆ ಮಾಡಿದರು. ಅದರ ಬೆನ್ನಿಗೇ ರೈಲು ಬೇಡ ಅಂತ ರಾಜ್ಯ ರೈಲ್ವೆಗೆ ಪತ್ರ ಬರೆಯಿತು. ದೇಶವೆಲ್ಲ ಉಗಿದ ಮೇಲೆ ಮತ್ತೆ ರೈಲು ಬಿಟ್ಟಿತು. ಈ ನಡುವೆ ಎಷ್ಟೋ ಜನ ನಡೆದೇ ಹೊರಟಿದ್ದರು.

ದೊಡ್ಡವರಿಗೊಂದು, ಸಣ್ಣವರಿಗೊಂದು ಅನ್ನುವ ದೂರಿನಲ್ಲಿ ಯಾವ ಪಕ್ಷವೂ ಹೊರತಲ್ಲ. 2020ರ ಮೇ 25ರಂದು ದೇಶದೊಳಗಿನ ವಿಮಾನ ಶುರುವಾದ ದಿನವೇ ಕೇಂದ್ರ ಸಚಿವ ಸದಾನಂದ ಗೌಡರು ದಿಲ್ಲಿಯಿಂದ ಬಂದು ಕ್ವಾರಂಟೈನ್ ಇಲ್ಲದೆ ಹೊರಟರು. ಔಷಧ ಖಾತೆ ನೋಡುವವನಾದ್ದರಿಂದ ನನಗೆ ವಿನಾಯಿತಿ ಇದೆ ಅಂದರು. ಅದೇ ವಿಮಾನದಲ್ಲಿ ಬಂದ ಸಾಮಾನ್ಯರಿಗೆ ಏಳು ದಿನ ಹೋಟೆಲ್ ವಾಸ. 2021ರ ಏಪ್ರಿಲ್ 10ರಿಂದ ನಿಮ್ಮ ತುಮಕೂರೂ ಸೇರಿ ಎಂಟು ಊರುಗಳಲ್ಲಿ ರಾತ್ರಿ ಕರ್ಫ್ಯೂ ಇತ್ತಲ್ಲ, ಆಗ ಬೆಳಗಾವಿ, ಮಸ್ಕಿ, ಬಸವಕಲ್ಯಾಣದಲ್ಲಿ ಉಪಚುನಾವಣೆ ಪ್ರಚಾರ ಜೋರಾಗಿ ನಡೆದಿತ್ತು. ಬಳ್ಳಾರಿ ಪಾಲಿಕೆಗೆ ಮತದಾನ ನಡೆದದ್ದು ಏಪ್ರಿಲ್ 27ರಂದು. ಹಗಲು ಸಾಲಿನಲ್ಲಿ ನಿಂತು ವೋಟು, ಅದೇ ರಾತ್ರಿ ಒಂಬತ್ತಕ್ಕೆ ಎಲ್ಲ ಬಂದ್. ಇನ್ನು 2022ರ ಜನವರಿಯಲ್ಲಿ ವೀಕೆಂಡ್ ಕರ್ಫ್ಯೂ ನಡುವೆ, ಒಂದು ಭಾನುವಾರ, ಕಾಂಗ್ರೆಸ್ ಮೇಕೆದಾಟು ಪಾದಯಾತ್ರೆ ಹೊರಟಿತು. ಇದಕ್ಕೆ ಅನುಮತಿ ಕೊಟ್ಟವರು ಯಾರು ಅಂತ ಹೈಕೋರ್ಟ್ ಸರ್ಕಾರವನ್ನೂ ಪಕ್ಷವನ್ನೂ ಕೇಳಿದ ಮೇಲೆ 13ಕ್ಕೆ ನಿಂತಿತು. ಮಗಳ ಮದುವೆಗೆ 50 ಜನರ ಪಟ್ಟಿ ಮಾಡೋಕೆ ಒದ್ದಾಡಿದ ಅಪ್ಪ ಇದನ್ನೆಲ್ಲ ಟೀವಿಯಲ್ಲಿ ನೋಡುತ್ತಿದ್ದ.

ಗಡಿಯ ಕನ್ನಡಿಗರ ಪಾಡು ಪ್ರತ್ಯೇಕ ಲೇಖನಕ್ಕೇ ಆಗುತ್ತೆ. 2020ರ ಮಾರ್ಚ್‌ನಲ್ಲಿ ಕೇರಳ ಗಡಿಯ ತಲಪಾಡಿಯಲ್ಲಿ ನಮ್ಮ ರಾಜ್ಯದವರು ರಸ್ತೆ ಮುಚ್ಚಿದರು. ಬೇರೆ ಒಳದಾರಿಗಳಿಗೆ ಮಣ್ಣು ಸುರಿದರು. ಮಂಜೇಶ್ವರ, ಕಾಸರಗೋಡಿನವರಿಗೆ ದೊಡ್ಡ ಆಸ್ಪತ್ರೆ ಅಂದರೆ ಮಂಗಳೂರೇ. ಆಂಬುಲೆನ್ಸ್ ವಾಪಸ್ ಹೋದವು, ಹಲವರು ತೀರಿಕೊಂಡರು. ಕೇರಳ ಹೈಕೋರ್ಟ್, ಸುಪ್ರೀಂ ಕೋರ್ಟ್ ತನಕ ಹೋಗಿ, ಏಪ್ರಿಲ್ 7ಕ್ಕೆ ರೋಗಿಗಳನ್ನು ಬಿಡುವ ಒಪ್ಪಂದ ಆಯಿತು.

ನಿಮ್ಮ ಮೂರನೇ ಪ್ರಶ್ನೆ, ಮತ್ತೆ ಇಂಥದ್ದು ಬಂದರೆ ಏನು ಕೇಳಬೇಕು? ವಾದ ಮಾಡಬೇಡಿ. ಬೀದಿಯಲ್ಲಿ ನಿಂತ ಪೊಲೀಸಿನವನ ಜೊತೆ ವಾದ ಮಾಡಿ ಗೆದ್ದವರನ್ನು ನಾನು ಕಂಡಿಲ್ಲ. ಶಟರ್ ಎಳೆಯಿರಿ, ಎಳೆದು ಮೊಬೈಲ್‌ನಲ್ಲಿ ಒಂದು ಫೋಟೋ ತೆಗೆದುಕೊಳ್ಳಿ, ಸಮಯ ದಾಖಲಾಗುತ್ತೆ. ಆಮೇಲೆ ಮೆತ್ತಗೆ ಕೇಳಿ: ‘ಆದೇಶದ ನಂಬರ್, ತಾರೀಕು ಹೇಳಿ ಸರ್, ನಮ್ಮ ಸಂಘಕ್ಕೆ ತಿಳಿಸಬೇಕು.’ ಕೊಡದಿದ್ದರೆ ಅವತ್ತೇ ಡಿಸಿ ಆಫೀಸಿಗೆ, ಎಸ್‌ಪಿ ಆಫೀಸಿಗೆ ಒಂದು ಇಮೇಲ್ ಹಾಕಿ. ‘ಇಂದು ಇಷ್ಟು ಗಂಟೆಗೆ ನನ್ನ ಅಂಗಡಿ ಮುಚ್ಚಿಸಲಾಗಿದೆ, ಯಾವ ಆದೇಶದ ಮೇಲೆ ಎಂದು ತಿಳಿಸಿ’ ಅಂತ ಎರಡು ಸಾಲು ಸಾಕು. ಅದು ಟಪಾಲಿನಲ್ಲಿ ಸೇರಿತು ಅಂದರೆ ಯಾರಾದರೂ ಒಬ್ಬರು ಉತ್ತರದ ಕರಡು ಬರೆಯಲೇಬೇಕು. ನಾನು ಆ ಕೆಲಸ ಮಾಡಿದವನು, ಹೇಳುತ್ತಿದ್ದೇನೆ: ಇಂಥ ಐವತ್ತು ಇಮೇಲ್ ಒಂದೇ ದಿನ ಬಂದರೆ ಸಂಜೆಯೊಳಗೆ ಸ್ಪಷ್ಟೀಕರಣ ಹೊರಡುತ್ತೆ. ಒಬ್ಬರೇ ಬರೆದರೆ ಫೈಲ್‌ಗೆ ಹೋಗುತ್ತೆ. ವರ್ತಕರ ಸಂಘದ ಮೂಲಕ ಹೋಗಿ.

ಗಾಡಿ ಹಿಡಿದರೆ ರಸೀದಿ ಇಲ್ಲದೆ ಕೀ ಕೊಡಬೇಡಿ. 2020ರಲ್ಲಿ ಹಿಡಿದ ಗಾಡಿಗಳನ್ನು ಬಿಡಿಸಲು ಕೊನೆಗೆ ಹೈಕೋರ್ಟ್ ಒಪ್ಪಿಗೆಯಿಂದ ಬೈಕಿಗೆ 500, ಕಾರಿಗೆ 1000 ಅಂತ ಆಗಿತ್ತು. ರಸೀದಿ ಇಲ್ಲದವರು ಸ್ಟೇಷನ್ ಹಿಂದಿನ ಮೈದಾನದಲ್ಲಿ ಬಿಸಿಲಲ್ಲಿ ತಮ್ಮ ಗಾಡಿ ಹುಡುಕುತ್ತಾ ನಿಂತಿದ್ದರು.

ಕೊನೆಗೆ ಆ ಬರೆದುಕೊಂಡ ಹೆಸರು ಮತ್ತು ಸ್ಕೂಟರ್ ನಂಬರ್. ಆಗ ಸಾಮಾನ್ಯವಾಗಿ ಹಾಕುತ್ತಿದ್ದದ್ದು ಐಪಿಸಿ 188, ಅಧಿಕಾರಿಯ ಆದೇಶ ಮೀರಿದ್ದಕ್ಕೆ. ಹೆಚ್ಚೆಂದರೆ ಆರು ತಿಂಗಳು ಜೈಲು ಅಥವಾ 1000 ರೂಪಾಯಿ ದಂಡ, ಇಲ್ಲವೇ ಎರಡೂ. 2024ರ ಜುಲೈನಿಂದ ಅದರ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆಯ 223 ಬಂದಿದೆ, ಶಿಕ್ಷೆ ಸ್ವಲ್ಪ ಜಾಸ್ತಿ. ಆದರೆ ನಿಮ್ಮದು 2021ರ ಘಟನೆ, ಹಳೆಯದ್ದೇ ಅನ್ವಯ. 188ರಲ್ಲಿ ಒಂದು ವಿಶೇಷ ಇದೆ. ಸಂಬಂಧಪಟ್ಟ ಅಧಿಕಾರಿಯೋ ಅವರ ಮೇಲಿನವರೋ ಬರೆದು ಕೋರ್ಟಿಗೆ ದೂರು ಕೊಟ್ಟರೆ ಮಾತ್ರ ಕೋರ್ಟ್ ಅದನ್ನು ಕೈಗೆತ್ತಿಕೊಳ್ಳಬಹುದು. ಪೊಲೀಸರು ಎಫ್ಐಆರ್ ಹಾಕಿ ಚಾರ್ಜ್‌ಶೀಟ್ ಕೊಟ್ಟರಷ್ಟೇ ಸಾಲದು. ಮತ್ತೆ, ಆ ದೂರು ಸಾಮಾನ್ಯವಾಗಿ ಒಂದು ವರ್ಷದೊಳಗೆ ಕೋರ್ಟಿಗೆ ಹೋಗಿರಬೇಕು. ಬರೀ 188 ಆಗಿದ್ದು ದೂರು ಹೋಗಿಲ್ಲ ಅಂದರೆ ಗಡುವು ಯಾವತ್ತೋ ಮುಗಿದಿದೆ. ಬೇರೆ ಸೆಕ್ಷನ್ ಏನಾದರೂ ಸೇರಿಸಿದ್ದರೆ ಗಡುವು ಉದ್ದವಾಗಬಹುದು, ಅದಕ್ಕೇ ಒಮ್ಮೆ ನೋಡಿಕೊಳ್ಳಿ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ತುಮಕೂರು ಜಿಲ್ಲೆ ಆರಿಸಿ, 2021, 2022, 2023 ಮೂರೂ ವರ್ಷ ಹಾಕಿ, ನಿಮ್ಮ ಹೆಸರನ್ನು ಎರಡು ಮೂರು ಇಂಗ್ಲಿಷ್ ಕಾಗುಣಿತದಲ್ಲಿ ಹುಡುಕಿ. ಹೆಸರನ್ನು ಕೇಳಿ ಬರೆದುಕೊಂಡವರು ಹೇಗೆ ಬರೆದಿದ್ದಾರೋ ಗೊತ್ತಿಲ್ಲವಲ್ಲ. ಏನೂ ಸಿಗದಿದ್ದರೆ ಸ್ಟೇಷನ್‌ಗೆ ಹೋಗಬೇಡಿ, ಒಂದು ಮಾಹಿತಿ ಹಕ್ಕು ಅರ್ಜಿಯನ್ನು ಎಸ್‌ಪಿ ಆಫೀಸಿಗೆ ಹಾಕಿ, 10 ರೂಪಾಯಿ ಪೋಸ್ಟಲ್ ಆರ್ಡರ್ ಜೊತೆ. ಅರ್ಜಿ 150 ಪದದೊಳಗೆ ಇರಲಿ, ವಿಷಯ ಒಂದೇ ಇರಲಿ. ನಮ್ಮ ರಾಜ್ಯದ ನಿಯಮ ಅದು. ಜಾಸ್ತಿ ಬರೆದರೆ ಅದೇ ನೆಪಕ್ಕೆ ವಾಪಸ್ ಕಳಿಸುತ್ತಾರೆ.